ಯಾವ ಲಿಂಕೂ ಒತ್ತದೆ ಫೋನ್ ಕೈತಪ್ಪಿದರೆ?

ಸೈಬರ್ ಸುರಕ್ಷತೆ ಅಂದ ಕೂಡಲೇ ನಮಗೆ ಸಿಗೋ ಉಪದೇಶ ಗೊತ್ತಲ್ಲ: ಲಿಂಕ್ ಒತ್ತಬೇಡಿ, ಓಟಿಪಿ ಹೇಳಬೇಡಿ, ಕಂಡಕಂಡ ಆ್ಯಪ್ ಹಾಕ್ಕೋಬೇಡಿ. ಸರಿ, ಒಪ್ಪೋಣ. ಆದರೆ ಫೋನ್ ಜೇಬಿನಲ್ಲಿದ್ದ ಹಾಗೇ ಬೇರೆಯವರ ವಶವಾದರೆ ಯಾರನ್ನು ಬೈಯೋದು?

ಭದ್ರತಾ ದೋಷಗಳನ್ನು ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಇಯನ್ ಬಿಯರ್ 2020ರ ಲಾಕ್‌ಡೌನ್ ಕಾಲದಲ್ಲಿ ಒಬ್ಬರೇ ಮನೆಯಲ್ಲಿ ಕೂತು, ಆರು ತಿಂಗಳು ತಲೆ ಕೆಡಿಸಿಕೊಂಡು ಇದನ್ನೇ ಮಾಡಿ ತೋರಿಸಿದರು. ಏರ್‌ಡ್ರಾಪ್‌ನಂಥ (ಪಕ್ಕದ ಸಾಧನಕ್ಕೆ ಫೈಲ್ ಕಳಿಸುವ) ಕೆಲಸಗಳಿಗೆ ಆ್ಯಪಲ್ ಸಾಧನಗಳು ಎಡಬ್ಲ್ಯುಡಿಎಲ್ ಅನ್ನೋ ಪ್ರೋಟೊಕಾಲ್‌ನಲ್ಲಿ, ಅಂದರೆ ಮಾತುಕತೆಯ ನಿಯಮದಲ್ಲಿ, ನೇರವಾಗಿ ವೈಫೈ ಮೂಲಕ ಮಾತಾಡಿಕೊಳ್ಳುತ್ತವೆ. ಬರುವ ಪ್ಯಾಕೆಟ್ (ಡೇಟಾದ ಪೊಟ್ಟಣ) ತನ್ನೊಳಗಿನ ಡೇಟಾ ಎಷ್ಟುದ್ದ ಅಂತ ತಾನೇ ಹೇಳುತ್ತೆ. ವೈಫೈ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಆ ಮಾತನ್ನು ಸರಿಯಾಗಿ ಪರೀಕ್ಷಿಸದೆ, ಮೊದಲೇ ಅಳತೆ ಗೊತ್ತುಮಾಡಿದ್ದ ಜಾಗಕ್ಕೆ ಅಷ್ಟನ್ನೂ ಕಾಪಿ ಮಾಡುತ್ತಿತ್ತು. ಲೋಟಕ್ಕೆ ಕೊಡ ಬಗ್ಗಿಸಿದ ಹಾಗೆ. ಚೆಲ್ಲಿದ್ದು ಪಕ್ಕದ ಮೆಮೊರಿಯ ಮೇಲೆ, ಏನು ಚೆಲ್ಲಬೇಕು ಅನ್ನೋದು ದಾಳಿ ಮಾಡುವವನ ಇಷ್ಟ. ಡ್ರೈವರ್ ಇರೋದು ಫೋನಿನ ತಂತ್ರಾಂಶದ ತಿರುಳಾದ ಕರ್ನಲ್ ಒಳಗೆ, ಹಾಗಾಗಿ ಅದು ಸಿಕ್ಕರೆ ಫೋನೇ ಸಿಕ್ಕಂತೆ. ಎಡಬ್ಲ್ಯುಡಿಎಲ್ ಆಫ್ ಆಗಿದ್ದರೆ ಬ್ಲೂಟೂತ್ ಮೂಲಕ ಅದನ್ನು ಎಬ್ಬಿಸುವ ದಾರಿಯನ್ನೂ ಈ ಮಹಾನುಭಾವರು ಹುಡುಕಿದ್ದರು! ಬಳಸಿದ್ದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಜೊತೆಗೆ ಅಂಗಡಿಯಲ್ಲಿ ಸಿಗುವ ವೈಫೈ ಅಡಾಪ್ಟರ್. ಡಿಸೆಂಬರ್‌ನಲ್ಲಿ ವಿವರ ಹೊರಬರುವ ಹೊತ್ತಿಗೆ ಆ್ಯಪಲ್ ಇದನ್ನು ಸರಿಪಡಿಸಿ ತಿಂಗಳುಗಳಾಗಿದ್ದವು, ನಿಜ.

ಆ್ಯಪಲ್ ಒಂದನ್ನೇ ಬೈದು ಪ್ರಯೋಜನವಿಲ್ಲ. 2022ರಲ್ಲಿ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ ವೈಫೈ ಕೋಡ್‌ನಲ್ಲೂ ಇಂಥದ್ದೇ ತೂತುಗಳು ಸಿಕ್ಕವು.

ಇಂಥ ಕೋಡ್ ಬರೆಯೋದು ಹೆಚ್ಚಾಗಿ ಸಿ, ಸಿ ಪ್ಲಸ್ ಪ್ಲಸ್ ಭಾಷೆಗಳಲ್ಲಿ, ಅವು ಅಳತೆ ನೋಡುವ ಕೆಲಸವನ್ನು ಬರೆಯುವವರಿಗೇ ಬಿಡುತ್ತವೆ. 'ಹುಷಾರಾಗಿ ಬರೆದರೆ ಸಿ, ಸಿ ಪ್ಲಸ್ ಪ್ಲಸ್ ಸಾಕಪ್ಪಾ' ಅನ್ನೋ ಹಿರಿಯರ ಮಾತನ್ನು ನಾನು ನಂಬೋದಿಲ್ಲ. ಕರ್ನಲ್ ಬರೆಯುವವರಿಗಿಂತ ಹುಷಾರಾದವರನ್ನು ಎಲ್ಲಿಂದ ತರೋಣ? ತನ್ನ ಉತ್ಪನ್ನಗಳ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಗೆ ಸಂಬಂಧಿಸಿದವು ಅಂತ ಮೈಕ್ರೋಸಾಫ್ಟೇ 2019ರಲ್ಲಿ ಹೇಳಿತ್ತು. ಆಂಡ್ರಾಯ್ಡ್‌ನಲ್ಲಿ ಆ ವರ್ಷ 76% ಇದ್ದ ಇಂಥ ದೋಷಗಳ ಪಾಲು 2024ಕ್ಕೆ 24%ಕ್ಕೆ ಇಳಿಯಿತು. ಹಳೆಯದನ್ನೆಲ್ಲ ಕಿತ್ತುಹಾಕಲಿಲ್ಲ, ಹೊಸ ಕೋಡನ್ನು ಹೆಚ್ಚಾಗಿ, ಇಂಥ ತಪ್ಪನ್ನು ತಾವೇ ತಡೆಯುವ ರಸ್ಟ್‌ನಂಥ ಭಾಷೆಗಳಲ್ಲಿ ಬರೆದರು, ಅಷ್ಟೇ. ಲಿನಕ್ಸ್ ಕೂಡ 6.1 ಆವೃತ್ತಿಯಿಂದ ರಸ್ಟ್‌ಗೆ ಬಾಗಿಲು ತೆರೆದಿದೆ. ನೆಟ್‌ವರ್ಕ್ ಡ್ರೈವರ್‌ಗಳಲ್ಲಿ ಮಾತ್ರ ಈ ಕೆಲಸ ಆಮೆನಡಿಗೆಯಲ್ಲಿದೆ.

ಅಲ್ಲಿವರೆಗೆ ನಮ್ಮ ಪಾಲಿಗಿರೋದು ಅಪ್‌ಡೇಟ್ ಒಂದೇ. ಅದೂ ಅಗ್ಗದ ಫೋನ್‌ಗಳಿಗೆ ಬಹುಬೇಗ ನಿಂತುಹೋಗುತ್ತೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್‌ನಿಂದ, ಒಂದು ಮಾಡೆಲ್‌ನ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು ಅನ್ನೋ ನಿಯಮ ಬಂದಿದೆ. ನಮ್ಮಲ್ಲಿ ಅಷ್ಟು ಆಗದಿದ್ದರೆ, ಡಬ್ಬದ ಮೇಲೆ ಎಂಆರ್‌ಪಿ ಪಕ್ಕದಲ್ಲೇ 'ಅಪ್‌ಡೇಟ್ ಇಂಥ ತಾರೀಕಿನವರೆಗೆ' ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲಿ. ಹತ್ತು ಸಾವಿರದ ಫೋನ್ ತಗೊಳ್ಳೋನಿಗೆ ಕ್ಯಾಮೆರಾ ಮೆಗಾಪಿಕ್ಸೆಲ್‌ಗಿಂತ ಅದು ಮೊದಲು ಕಾಣಬೇಕು.