ಸ್ನೋಡೆನ್ ಬಗ್ಗೆ ಜನ ಏನಂದರು ಅನ್ನುವ ಮೊದಲು, ಕೇಳಿದ್ದೇನು ನೋಡಿ

ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ಕಣ್ಗಾವಲಿನ ರಹಸ್ಯ ದಾಖಲೆಗಳನ್ನು 2013ರ ಜೂನ್‌ನಲ್ಲಿ ಪತ್ರಿಕೆಗಳ ಮೂಲಕ ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಹೆಸರೆತ್ತಿದರೆ ಮಾತು ಎರಡೇ ಪದಕ್ಕೆ ಬಂದು ನಿಲ್ಲುತ್ತದೆ: ಹೀರೊ, ಇಲ್ಲವೇ ದೇಶದ್ರೋಹಿ. ‘ಜನ ನಮ್ಮ ಕಡೆ ಇದ್ದರು’ ಅಂತ ತೋರಿಸಲು ಇಬ್ಬರ ಕೈಯಲ್ಲೂ ಒಂದೊಂದು ಸಮೀಕ್ಷೆ ಇರುತ್ತದೆ. ತಮಾಷೆ ಅಂದರೆ ಎರಡೂ ಅಂಕಿ ನಿಜವೇ.

2013ರ ಜೂನ್ 6ರಿಂದ 9ರವರೆಗೆ ಸಮೀಕ್ಷಾ ಸಂಸ್ಥೆ ಪ್ಯೂ ಮತ್ತು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸೇರಿ ಕೇಳಿದಾಗ 56% ಅಮೆರಿಕನ್ನರು ಎನ್‌ಎಸ್‌ಎ ಮಾಡುವ ಫೋನ್ ದಾಖಲೆಗಳ ಸಂಗ್ರಹವನ್ನು ಒಪ್ಪಬಹುದು ಅಂದರು. ಅದರ ಬೆನ್ನಿಗೇ ಜೂನ್ 10 ಮತ್ತು 11ರಂದು ಇನ್ನೊಂದು ಸಮೀಕ್ಷಾ ಸಂಸ್ಥೆ ಗ್ಯಾಲಪ್ ಕೇಳಿದಾಗ 53% ಜನ ಒಪ್ಪುವುದಿಲ್ಲ ಅಂದರು, ಒಪ್ಪಿದವರು 37% ಮಾತ್ರ. ರಾತ್ರಿ ಬೆಳಗಾಗುವುದರೊಳಗೆ ದೇಶ ಮನಸ್ಸು ಬದಲಿಸಿರಲಿಲ್ಲ, ಪ್ರಶ್ನೆ ಬದಲಾಗಿತ್ತು. ಪ್ಯೂ ಪ್ರಶ್ನೆಯಲ್ಲಿ ‘ರಹಸ್ಯ ನ್ಯಾಯಾಲಯದ ಆದೇಶ ಪಡೆದು’ ಎಂಬ ಮಾತಿತ್ತು, ವಿಷಯ ಫೋನ್ ದಾಖಲೆ ಮಾತ್ರ. ಗ್ಯಾಲಪ್ ಪ್ರಶ್ನೆಯಲ್ಲಿ ನ್ಯಾಯಾಲಯದ ಸುಳಿವೇ ಇಲ್ಲ, ಜೊತೆಗೆ ಇಂಟರ್ನೆಟ್ ಸಂಪರ್ಕವೂ ಸೇರಿಕೊಂಡಿತ್ತು. ಮುಂದಿನ ತಿಂಗಳು ಪ್ಯೂ ಇದನ್ನೇ ಪರೀಕ್ಷೆಗೆ ಒಡ್ಡಿತು. ಬೇರೆ ಬೇರೆ ಗುಂಪುಗಳಿಗೆ ಒಂದೇ ಪ್ರಶ್ನೆಯನ್ನು ಸ್ವಲ್ಪ ಸ್ವಲ್ಪ ತಿದ್ದಿ ಕೇಳಿತು. ‘ನ್ಯಾಯಾಲಯದ ಅನುಮತಿಯೊಂದಿಗೆ’ ಎಂದು ಸೇರಿಸಿದರೆ ಬೆಂಬಲ 12 ಅಂಶ ಮೇಲೆ, ‘ಭಯೋತ್ಪಾದನೆ ತಡೆಯಲು’ ಎಂದರೆ 9 ಅಂಶ ಮೇಲೆ. ಆದ್ದರಿಂದ ಯಾರಾದರೂ ಶೇಕಡಾವಾರು ಹೇಳಿದರೆ ಪ್ರಶ್ನೆಯ ಪೂರ್ತಿ ವಾಕ್ಯ ಕೇಳಿ. ಅದು ಸಿಗದಿದ್ದರೆ ಆ ಅಂಕಿಗೆ ಬೆಲೆ ಇಲ್ಲ.

ಇನ್ನೊಂದು ಇದಕ್ಕಿಂತ ಕಹಿ. 2006ರಲ್ಲಿ, ಬುಷ್ ಅಧ್ಯಕ್ಷರಾಗಿದ್ದಾಗ, ಎನ್‌ಎಸ್‌ಎ ಕದ್ದಾಲಿಕೆಯನ್ನು 75% ರಿಪಬ್ಲಿಕನ್ನರು ಒಪ್ಪಿದ್ದರು, ಡೆಮಾಕ್ರಾಟರಲ್ಲಿ ಒಪ್ಪಿದವರು 37%. 2013ರಲ್ಲಿ, ಒಬಾಮಾ ಕಾಲದಲ್ಲಿ, ರಿಪಬ್ಲಿಕನ್ನರು 52%ಕ್ಕೆ ಇಳಿದರು, ಡೆಮಾಕ್ರಾಟರು 64%ಕ್ಕೆ ಏರಿದರು. ಹೌದು, ಎರಡೂ ವರ್ಷದ ಪ್ರಶ್ನೆ ಒಂದೇ ಅಲ್ಲ. 2006ರದ್ದು ನ್ಯಾಯಾಲಯದ ಅನುಮತಿ ಇಲ್ಲದೆ ಮಾತು ಕೇಳಿಸಿಕೊಳ್ಳುವುದರ ಬಗ್ಗೆ, 2013ರದ್ದು ಕರೆ ದಾಖಲೆಯ ಬಗ್ಗೆ. ಆದರೆ ಪ್ರಶ್ನೆ ಮೆತ್ತಗಾದಾಗ ಇಬ್ಬರೂ ಮೇಲೇರಬೇಕಿತ್ತು, ಒಬ್ಬರು ಏರಿ ಇನ್ನೊಬ್ಬರು ಇಳಿದದ್ದೇಕೆ? ಬಹಳ ಜನರಿಗೆ ಕಣ್ಗಾವಲಿನ ಬಗ್ಗೆ ಅಭಿಪ್ರಾಯ ಇರುವುದಿಲ್ಲ. ಕಣ್ಣಿಟ್ಟವರು ಯಾರ ಪಕ್ಷ ಅನ್ನುವುದರ ಬಗ್ಗೆ ಇರುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಜೋಡಿ ಅಂಕಿ ಮಾತ್ರ ಬೇರೆಯೇ. ಜೂನ್ 12ರಿಂದ 16ರ ಪ್ಯೂ ಸಮೀಕ್ಷೆಯಲ್ಲಿ 49% ಜನ ಈ ಸೋರಿಕೆಯಿಂದ ಸಾರ್ವಜನಿಕ ಹಿತವಾಯಿತು ಅಂದರು, 44% ಹಾನಿಯಾಯಿತು ಅಂದರು. ಅದೇ ಸಮೀಕ್ಷೆಯಲ್ಲಿ 54% ಜನ ಸ್ನೋಡೆನ್ ಮೇಲೆ ಮೊಕದ್ದಮೆ ಹೂಡಬೇಕು ಅಂದರು. ಪಂಡಿತರು ಇದನ್ನು ಗೊಂದಲ ಅಂದರು. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ಮೂರು ಬೇರೆ ಪ್ರಶ್ನೆಗಳಿವೆ: ಆ ಕಾರ್ಯಕ್ರಮ ಕಾನೂನುಬದ್ಧವಿತ್ತೇ, ಬಯಲು ಮಾಡಿದ್ದು ಸರಿಯೇ, ದೇಶ ಬಿಟ್ಟು ಹೋದದ್ದು ಸರಿಯೇ. ಮೂರಕ್ಕೂ ಒಂದೇ ಉತ್ತರ ಇರಬೇಕೆಂದು ಹಟ ಹಿಡಿದವರು ಟಿವಿ ಚರ್ಚೆಯವರು. ಸಾಮಾನ್ಯ ಜನ ಬಿಡಿಸಿಯೇ ನೋಡಿದ್ದರು.

ಮೊದಲನೆಯದಕ್ಕೆ ಬರೋಣ, ಏಕೆಂದರೆ ವ್ಯಕ್ತಿಯ ಗಲಾಟೆಯಲ್ಲಿ ಮುಚ್ಚಿಹೋಗಿದ್ದು ಇದೇ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಮೊದಲು ಪ್ರಕಟಿಸಿದ ದಾಖಲೆ ಒಂದು ನ್ಯಾಯಾಲಯದ ಆದೇಶ. 2013ರ ಏಪ್ರಿಲ್ 25ರಂದು ಗುಪ್ತಚರ ಕಣ್ಗಾವಲಿಗೆ ಅನುಮತಿ ಕೊಡುವ ರಹಸ್ಯ ಫೀಸಾ ನ್ಯಾಯಾಲಯದ ನ್ಯಾಯಾಧೀಶ ರೋಜರ್ ವಿನ್ಸನ್ ಸಹಿ ಹಾಕಿದ್ದು, ಜುಲೈ 19ರವರೆಗೆ ಜಾರಿಯಲ್ಲಿದ್ದದ್ದು. ಫೋನ್ ಕಂಪನಿ ವೆರೈಝನ್‌ನ ಒಂದು ಘಟಕ ಪ್ರತಿದಿನ ತನ್ನ ಎಲ್ಲ ಕರೆಗಳ ದಾಖಲೆಯನ್ನೂ ಎನ್‌ಎಸ್‌ಎಗೆ ಒಪ್ಪಿಸಬೇಕು: ಎರಡೂ ಕಡೆಯ ನಂಬರ್, ಸಮಯ, ಎಷ್ಟು ಹೊತ್ತಿನ ಕರೆ, ಐಎಂಇಐ (ಫೋನಿನ ಗುರುತಿನ ಸಂಖ್ಯೆ). ಮಾತಿನ ಧ್ವನಿ ಇಲ್ಲ, ಗ್ರಾಹಕನ ಹೆಸರು ವಿಳಾಸ ಇಲ್ಲ. ಕ್ರೈಮ್ ಸುದ್ದಿ ಓದುವವರಿಗೆ ಗೊತ್ತಿರುವ ಸಿಡಿಆರ್ (ಕರೆ ವಿವರಗಳ ದಾಖಲೆ) ಇದೇ. ನಮ್ಮ ಪೊಲೀಸರು ಒಬ್ಬ ಆರೋಪಿಯದ್ದನ್ನು ತರಿಸಿಕೊಳ್ಳುತ್ತಾರೆ, ಅಲ್ಲಿ ಯಾವ ಆರೋಪವೂ ಇಲ್ಲದ ಎಲ್ಲರದ್ದೂ ಹೋಗುತ್ತಿತ್ತು. ಅಷ್ಟೇ ವ್ಯತ್ಯಾಸ, ಅಷ್ಟೂ ವ್ಯತ್ಯಾಸ.

‘ಬರೀ ನಂಬರ್ ತಾನೆ, ಮಾತು ಕೇಳಲ್ಲವಲ್ಲ’ ಅಂದವರಿಗೆ ಲೆಕ್ಕ ಹೇಳುತ್ತೇನೆ. ಒಂದು ಶಂಕಿತ ನಂಬರ್‌ನಿಂದ ಹೊರಟು ಮೂರು ಹೆಜ್ಜೆ (ಅದರ ಸಂಪರ್ಕ, ಆ ಸಂಪರ್ಕದ ಸಂಪರ್ಕ, ಅದರದೂ ಸಂಪರ್ಕ) ಹೋಗಲು ಅವಕಾಶವಿತ್ತು. ಒಬ್ಬೊಬ್ಬರು ನೂರು ಜನರೊಂದಿಗೆ ಮಾತಾಡುತ್ತಾರೆ ಅಂದುಕೊಳ್ಳಿ: ಮೊದಲ ಹೆಜ್ಜೆಗೆ 100, ಎರಡನೆಯದಕ್ಕೆ 10,000, ಮೂರನೆಯದಕ್ಕೆ 10 ಲಕ್ಷ. 2012ರಲ್ಲಿ ಹುಡುಕಿದ್ದು 300ಕ್ಕಿಂತ ಕಡಿಮೆ ನಂಬರ್‌ಗಳನ್ನು ಅಂತ ಸರ್ಕಾರ ಸಮಾಧಾನ ಹೇಳಿತು. ಗುಣಿಸಿ ನೋಡಿ. ಪಿಜ್ಜಾ ಅಂಗಡಿಯಂಥ ಒಂದು ನಂಬರ್ ನಡುವೆ ಸಿಕ್ಕಿದರೆ ಲೆಕ್ಕ ಇನ್ನೂ ಹಾಳು. ದಾಖಲೆಗಳು ಐದು ವರ್ಷ ಉಳಿಯುತ್ತಿದ್ದವು. ಇನ್ನು ಮಾತು ಕೇಳದಿದ್ದರೆ ಏನೂ ಗೊತ್ತಾಗಲ್ಲವೇ? ಒಂದು ನಂಬರ್‌ನಿಂದ ಬೆಳಗ್ಗೆ ಕ್ಯಾನ್ಸರ್ ಆಸ್ಪತ್ರೆಗೆ ಕರೆ, ಮಧ್ಯಾಹ್ನ ವಿಮೆ ಏಜೆಂಟಿಗೆ, ರಾತ್ರಿ ಊರಲ್ಲಿರುವ ಅಕ್ಕನಿಗೆ ಐವತ್ತು ನಿಮಿಷ. ಏನು ಮಾತಾಡಿದರು ಅಂತ ಯಾರಾದರೂ ಬಿಡಿಸಿ ಹೇಳಬೇಕೇ? 2014ರ ಜನವರಿಯಲ್ಲಿ ಒಬಾಮಾ ಮೂರು ಹೆಜ್ಜೆಯನ್ನು ಎರಡಕ್ಕೆ ಇಳಿಸಿದರು. ಸೋರಿಕೆಯಾಗದಿದ್ದರೆ ಇಳಿಸುತ್ತಿರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇಂಟರ್ನೆಟ್ ಕಂಪನಿಗಳಿಂದ ಎನ್‌ಎಸ್‌ಎ ಮಾಹಿತಿ ಪಡೆಯುತ್ತಿದ್ದ ಪ್ರಿಸಂ ಎಂಬ ಇನ್ನೊಂದು ಕಾರ್ಯಕ್ರಮದ ವಿಷಯದಲ್ಲಿ ಪತ್ರಿಕೆಗಳೂ ಎಡವಿದವು, ಇದನ್ನು ಸ್ನೋಡೆನ್ ಬೆಂಬಲಿಗರು ಒಪ್ಪಿಕೊಳ್ಳಬೇಕು. ಎನ್‌ಎಸ್‌ಎ ಒಂಬತ್ತು ಕಂಪನಿಗಳ ಸರ್ವರ್‌ಗೆ ನೇರವಾಗಿ ಕೈಹಾಕುತ್ತಿದೆ ಅಂತ ಜೂನ್ 6ರ ವರದಿಗಳು ಹೇಳಿದವು. ಸೋರಿದ ಸ್ಲೈಡ್‌ನಲ್ಲೇ ಹಾಗೆ ಬರೆದಿತ್ತು ಅನ್ನುವುದೂ ನಿಜ. ಕಂಪನಿಗಳು ಒಟ್ಟಾಗಿ ಅಲ್ಲಗಳೆದವು. ಆಮೇಲೆ ಹೊರಬಂದ ಚಿತ್ರ ಹೀಗಿದೆ: ವಿಶ್ಲೇಷಕ ಒಂದು ಇಮೇಲ್ ವಿಳಾಸವನ್ನೋ ಫೋನ್ ನಂಬರನ್ನೋ ಗುರಿಯಾಗಿ ಕೊಡುತ್ತಾನೆ, ಆ ವ್ಯಕ್ತಿ ಅಮೆರಿಕದ ಹೊರಗಿರುವ ವಿದೇಶಿ ಎಂದು ನಂಬಲು ಕಾರಣ ಬರೆಯುತ್ತಾನೆ, ಮೇಲಿನವರು ನೋಡುತ್ತಾರೆ, ಎಫ್‌ಬಿಐ ಘಟಕವೊಂದರ ಮೂಲಕ ಕಂಪನಿಗೆ ಬೇಡಿಕೆ ಹೋಗುತ್ತದೆ, ಕಂಪನಿ ಆ ಖಾತೆಯ ಮಾಹಿತಿ ಕೊಡುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ವಾರಂಟ್ ಇಲ್ಲ, ನ್ಯಾಯಾಲಯ ವರ್ಷಕ್ಕೊಮ್ಮೆ ವಿಧಾನವನ್ನು ಮಾತ್ರ ಒಪ್ಪುತ್ತದೆ. ಗುರಿ ಯಾರು? ಅಮೆರಿಕನ್ನರಲ್ಲದ ನಾವೆಲ್ಲ. ಅಲ್ಲಿನ ಚರ್ಚೆಯೆಲ್ಲ ‘ಅಮೆರಿಕದ ಪ್ರಜೆಗಳ ಮೇಲೂ ಕಣ್ಣಿಟ್ಟರೇ’ ಅನ್ನುವುದರ ಸುತ್ತ ತಿರುಗಿದ್ದನ್ನು ಇಲ್ಲಿ ಕೂತು ಓದುವವರು ಗಮನಿಸಬೇಕು. ನಮ್ಮ ಮೇಲಿಡುವುದರಲ್ಲಿ ತಪ್ಪೇನಿದೆ ಅನ್ನುವುದು ಅಲ್ಲಿ ದೊಡ್ಡ ಪ್ರಶ್ನೆಯಾಗಲಿಲ್ಲ.

ಈ ಕಣ್ಗಾವಲಿನಿಂದ ಉಪಯೋಗವಾದರೂ ಆಯಿತೇ? ಎನ್‌ಎಸ್‌ಎ ಮುಖ್ಯಸ್ಥ ಕೀತ್ ಅಲೆಕ್ಸಾಂಡರ್ ಇದು ನೆರವಾದ 54 ಭಯೋತ್ಪಾದನೆ ಪ್ರಕರಣಗಳ ಮಾತೆತ್ತಿದ್ದರು. ಸೆನೆಟ್‌ನಲ್ಲಿ ಪ್ಯಾಟ್ರಿಕ್ ಲೇಹಿ ಒತ್ತಿ ಕೇಳಿದಾಗ ಫೋನ್ ದಾಖಲೆಯಿಂದಲೇ ಸಿಕ್ಕಿದ್ದು ಒಂದೋ ಎರಡೋ ಅಂತ ಇಳಿಯಬೇಕಾಯಿತು. 2014ರ ಜನವರಿಯಲ್ಲಿ ಸರ್ಕಾರದ್ದೇ ಖಾಸಗಿತನ ಮೇಲ್ವಿಚಾರಣಾ ಮಂಡಳಿ, ಈ ಸಂಗ್ರಹದಿಂದ ತನಿಖೆಗೆ ನಿಜವಾದ ವ್ಯತ್ಯಾಸವಾದ ಒಂದೂ ನಿದರ್ಶನ ಸಿಗಲಿಲ್ಲ ಎಂದು ಬರೆಯಿತು. ಪದೇ ಪದೇ ತೋರಿಸುತ್ತಿದ್ದ ಒಂದು ಪ್ರಕರಣ ಸ್ಯಾನ್ ಡಿಯಾಗೊದ ಬಸಾಲಿ ಮೊಆಲಿನ್‌ನದು, ಸೊಮಾಲಿಯಾದ ಉಗ್ರ ಸಂಘಟನೆ ಅಲ್ ಶಬಾಬ್‌ಗೆ 8,500 ಡಾಲರ್ ಕಳಿಸಿದ ಕೇಸು. 2020ರ ಸೆಪ್ಟೆಂಬರ್‌ನಲ್ಲಿ ಅದೇ ಕೇಸಿನ ಮೇಲ್ಮನವಿಯಲ್ಲಿ ಒಂಬತ್ತನೇ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಸಂಗ್ರಹವೇ ಕಾನೂನುಬಾಹಿರ ಅಂದಿತು, ಶಿಕ್ಷೆಯನ್ನು ಮಾತ್ರ ಎತ್ತಿಹಿಡಿಯಿತು. ಎರಡನೇ ಸರ್ಕ್ಯೂಟ್ 2015ರ ಮೇ ತಿಂಗಳಲ್ಲೇ ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲ ಎಂದಿತ್ತು, ಜೂನ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾನೂನನ್ನೇ ತಿದ್ದಿತು.

‘ಮೇಲಧಿಕಾರಿಗೆ ದೂರು ಕೊಡಬಹುದಿತ್ತಲ್ಲ?’ ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳುವುದು ಸಹಜ. ಸ್ನೋಡೆನ್ ಎನ್‌ಎಸ್‌ಎ ನೌಕರನಲ್ಲ, ಬೂಝ್ ಅಲೆನ್ ಹ್ಯಾಮಿಲ್ಟನ್ ಎಂಬ ಗುತ್ತಿಗೆ ಕಂಪನಿಯವನು. 2012ರಲ್ಲಿ ಒಳಗಿನ ಅಕ್ರಮದ ಬಗ್ಗೆ ದೂರು ಕೊಡುವವರಿಗೆ ರಕ್ಷಣೆ ಕೊಡಲು ಒಬಾಮಾ ಹೊರಡಿಸಿದ ನಿರ್ದೇಶನ ಗುತ್ತಿಗೆ ಕಂಪನಿಯವರಿಗೆ ಅನ್ವಯಿಸುತ್ತಿರಲಿಲ್ಲ. ಅವನಿಗಿಂತ ಮೊದಲು ಒಳಗಿನ ದಾರಿ ಹಿಡಿದವರ ಪಾಡು ಎದುರಿಗಿತ್ತು. ಎನ್‌ಎಸ್‌ಎಯ ಥಾಮಸ್ ಡ್ರೇಕ್ ಮೇಲೆ 2010ರಲ್ಲಿ ಹತ್ತು ಆರೋಪ ಹೊರಿಸಿ, ಮರುವರ್ಷ ಎಲ್ಲವನ್ನೂ ಕೈಬಿಟ್ಟು ಒಂದು ಸಣ್ಣ ತಪ್ಪೊಪ್ಪಿಗೆಗೆ ಮುಗಿಸಿದರು. ಅಷ್ಟರಲ್ಲಿ ಅವರ ವೃತ್ತಿಜೀವನ ಮುಗಿದಿತ್ತು. ಇನ್ನು ಕೋರ್ಟಿನಲ್ಲಿ ವಾದಿಸಬಹುದಿತ್ತು ಅನ್ನುವವರಿಗೆ: 1917ರ ಬೇಹುಗಾರಿಕೆ ಕಾಯ್ದೆಯಡಿ ‘ಸಾರ್ವಜನಿಕ ಹಿತಕ್ಕಾಗಿ ಮಾಡಿದೆ’ ಅನ್ನುವುದು ಪ್ರತಿವಾದವೇ ಅಲ್ಲ. ಜ್ಯೂರಿಯ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಆದರೂ ವಿರೋಧಿಗಳ ಒಂದು ವಾದ ಗಟ್ಟಿಯಾಗಿದೆ. ಹಾಂಗ್‌ಕಾಂಗ್‌ನಲ್ಲಿದ್ದಾಗ ಅವನು ಅಲ್ಲಿನ ಪತ್ರಿಕೆಗೆ, ಚೀನಾದ ಕಂಪ್ಯೂಟರ್‌ಗಳ ಮೇಲೆ ಎನ್‌ಎಸ್‌ಎ ನಡೆಸಿದ ದಾಳಿಯ ವಿವರ ಕೊಟ್ಟ. ಅದಕ್ಕೂ ಅಮೆರಿಕನ್ನರ ಖಾಸಗಿತನಕ್ಕೂ ಏನು ಸಂಬಂಧ? ನನಗೆ ಒಪ್ಪುವ ಉತ್ತರ ಸಿಕ್ಕಿಲ್ಲ. ಆದರೆ ‘ರಷ್ಯಾವನ್ನು ಆರಿಸಿಕೊಂಡ’ ಅನ್ನುವುದು ಅರ್ಧ ಸತ್ಯ. ಜೂನ್ 23ರಂದು ಮಾಸ್ಕೊಗೆ ಇಳಿಯುವ ಹೊತ್ತಿಗೆ ಅಮೆರಿಕ ಪಾಸ್‌ಪೋರ್ಟ್ ರದ್ದು ಮಾಡಿತ್ತು. ಶೆರೆಮೆತ್ಯೆವೊ ನಿಲ್ದಾಣದ ಟ್ರಾನ್ಸಿಟ್ ವಿಭಾಗದಲ್ಲೇ ಆಗಸ್ಟ್ 1ರವರೆಗೆ ಕೂರಬೇಕಾಯಿತು. ನಡುವೆ ಬೊಲಿವಿಯಾ ಅಧ್ಯಕ್ಷ ಈವೊ ಮೊರಾಲೆಸ್ ವಿಮಾನದಲ್ಲಿ ಅವನಿದ್ದಾನೆಂಬ ಗುಮಾನಿಯಿಂದ ಯುರೋಪಿನ ದೇಶಗಳು ಆಕಾಶದ ದಾರಿ ಕೊಡದೆ, ಆ ವಿಮಾನ ವಿಯೆನ್ನಾದಲ್ಲಿ ಇಳಿಯಿತು. 2022ರ ಸೆಪ್ಟೆಂಬರ್‌ನಲ್ಲಿ, ಉಕ್ರೇನ್ ಯುದ್ಧದ ನಡುವೆಯೇ, ಪುಟಿನ್ ಪೌರತ್ವ ಕೊಟ್ಟರು. ಅದು ನೋಡಲು ಚೆನ್ನಾಗಿಲ್ಲ, ನಿಜ. ಆದರೆ ಅದರಿಂದ ವೆರೈಝನ್ ಆದೇಶ ಸುಳ್ಳಾಗುವುದಿಲ್ಲ.

ಈಗ ನಮ್ಮ ಕಡೆ. ಯಾವ ದೇಶದಿಂದ ಎಷ್ಟು ಮಾಹಿತಿ ಬಂತೆಂದು ಎಣಿಸುವ ಎನ್‌ಎಸ್‌ಎಯ ‘ಬೌಂಡ್‌ಲೆಸ್ ಇನ್‌ಫಾರ್ಮಂಟ್’ ಲೆಕ್ಕದಲ್ಲಿ 2013ರ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದಿಂದ ಸಂಗ್ರಹಿಸಿದ ಮಾಹಿತಿ ತುಣುಕುಗಳು 630 ಕೋಟಿ. ಇರಾನ್, ಪಾಕಿಸ್ತಾನ, ಜೋರ್ಡಾನ್, ಈಜಿಪ್ಟ್ ಬಿಟ್ಟರೆ ನಾವೇ. ಇಷ್ಟಾದರೂ ವಿದೇಶಾಂಗ ಸಚಿವರಾಗಿದ್ದ ಸಲ್ಮಾನ್ ಖುರ್ಷಿದ್ ಇದು ಗೂಢಚರ್ಯೆಯಲ್ಲ, ಕರೆಗಳ ಮಾದರಿಯ ಕಂಪ್ಯೂಟರ್ ವಿಶ್ಲೇಷಣೆ ಅಷ್ಟೇ ಅಂದರು. ಸ್ನೋಡೆನ್ ಹಾಕಿದ ಆಶ್ರಯದ ಅರ್ಜಿಯನ್ನು ದೆಹಲಿ ಜುಲೈ 2ರಂದೇ ತಳ್ಳಿಹಾಕಿತು. ಬ್ರೆಜಿಲ್‌ನ ಅಧ್ಯಕ್ಷೆಯಾಗಿದ್ದ ಡಿಲ್ಮಾ ರೂಸೆಫ್ ವಾಷಿಂಗ್ಟನ್ ಭೇಟಿಯನ್ನೇ ಕೈಬಿಟ್ಟರು, ನಾವು ಅಮೆರಿಕದ ವಕೀಲರಂತೆ ಮಾತಾಡಿದೆವು. ಮರುವರ್ಷ ಬಿಜೆಪಿಯ ಹೆಸರೂ ಎನ್‌ಎಸ್‌ಎ ಪಟ್ಟಿಯಲ್ಲಿತ್ತು ಅಂತ ಬಯಲಾದಾಗ, ಅಷ್ಟರಲ್ಲಿ ಅವರೇ ಅಧಿಕಾರದಲ್ಲಿದ್ದರು, ರಾಜತಾಂತ್ರಿಕರನ್ನು ಕರೆಸಿ ವಿವರಣೆ ಕೇಳಿದರು. ಮತ್ತೆ ಅದೇ ಕಥೆ: ಕಣ್ಣು ಯಾರ ಮೇಲೆ ಬಿತ್ತು ಅನ್ನುವುದರ ಮೇಲೆ ಸಿಟ್ಟು.

2013ರಲ್ಲಿ ನಮ್ಮವರು ಮೆತ್ತಗಿದ್ದುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಆಗ ಇಲ್ಲೂ ಫೋನ್, ಇಂಟರ್ನೆಟ್ ಕದ್ದಾಲಿಕೆಗೆ ಸೆಂಟ್ರಲ್ ಮಾನಿಟರಿಂಗ್ ಸಿಸ್ಟಮ್ ಕಟ್ಟುವ ಕೆಲಸ ನಡೆದಿತ್ತು. ಅಮೆರಿಕದಲ್ಲಿ ರಹಸ್ಯವಾದರೂ ಒಂದು ನ್ಯಾಯಾಲಯ ಇದೆ. ಇಲ್ಲಿ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿ ಆದೇಶ ಮಾಡುತ್ತಾರೆ, ಅದು 60 ದಿನ ನಡೆಯುತ್ತದೆ, ವಿಸ್ತರಿಸಿದರೆ 180 ದಿನ. ಪರಿಶೀಲಿಸುವ ಸಮಿತಿಯಲ್ಲೂ ಅಧಿಕಾರಿಗಳೇ. ಎರಡು ತಿಂಗಳಿಗೊಮ್ಮೆ ಸೇರುವ ಈ ಸಮಿತಿಯ ಮುಂದೆ ಒಂದೊಂದು ಸಭೆಗೂ 15,000ದಿಂದ 18,000 ಆದೇಶ ಬರುತ್ತವೆ ಎಂದು ಮಾಹಿತಿ ರಕ್ಷಣೆ ಕಾನೂನಿಗಾಗಿ ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ 2018ರಲ್ಲಿ ಬರೆಯಿತು. ಇಡೀ ದಿನ, ಎಂಟು ಗಂಟೆ ಕೂತರೂ ಒಂದಕ್ಕೆ ಎರಡು ಸೆಕೆಂಡೂ ಸಿಗುವುದಿಲ್ಲ. ಕರ್ನಾಟಕದವರಿಗೆ ಇದು ದೂರದ ವಿಷಯವೂ ಅಲ್ಲ. ಫೋನ್ ಕದ್ದಾಲಿಕೆ ಆರೋಪದ ಮೇಲೆ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ ಕೇಸು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದು.

ಇಷ್ಟಾಗಿಯೂ ಸೋಶಿಯಲ್ ಮೀಡಿಯಾದಲ್ಲಿ ಸಿಗುವ ಲೈಕುಗಳನ್ನು ಎಣಿಸಿ ಜನಾಭಿಪ್ರಾಯ ಹೇಳಬೇಡಿ. 2013ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಪ್ಯೂ 1,801 ಅಮೆರಿಕನ್ನರನ್ನು ಕೇಳಿತ್ತು. ಎದುರಿಗೆ ಕೂತು ಸ್ನೋಡೆನ್ ವಿಷಯ ಮಾತಾಡಲು 86% ಸಿದ್ಧರಿದ್ದರು, ಫೇಸ್‌ಬುಕ್ ಅಥವಾ ಟ್ವಿಟರ್‌ನಲ್ಲಿ ಬರೆಯಲು ಅವುಗಳ ಬಳಕೆದಾರರಲ್ಲಿ 42% ಮಾತ್ರ.

ಕೊನೆಗೊಂದು ಲೆಕ್ಕ ಬಾಕಿ ಇದೆ. ಸೋರಿಕೆಗೆ ಮೂರು ತಿಂಗಳ ಮೊದಲು, 2013ರ ಮಾರ್ಚ್ 12ರಂದು, ಲಕ್ಷಾಂತರ ಅಮೆರಿಕನ್ನರ ಮಾಹಿತಿ ಸಂಗ್ರಹಿಸುತ್ತೀರಾ ಎಂದು ಸೆನೆಟರ್ ರಾನ್ ವೈಡನ್ ಕೇಳಿದಾಗ, ಗುಪ್ತಚರ ನಿರ್ದೇಶಕ ಜೇಮ್ಸ್ ಕ್ಲ್ಯಾಪರ್ ಇಲ್ಲ ಎಂದಿದ್ದರು. ಆ ಉತ್ತರ ತಪ್ಪಾಗಿತ್ತು ಎಂದು ಅವರೇ ಮುಂದೆ ಕ್ಷಮೆ ಕೇಳಿದರು. ಸುಳ್ಳು ಸಾಕ್ಷ್ಯಕ್ಕೆ ಮೊಕದ್ದಮೆ ಹೂಡಲು ಇರುವ ಐದು ವರ್ಷದ ಗಡುವು 2018ರ ಮಾರ್ಚ್‌ನಲ್ಲಿ ಮುಗಿಯಿತು, ಯಾರೂ ಹೂಡಲಿಲ್ಲ.