ಸತ್ಯಾಂಶ: ಕಲ್ಲಿದ್ದಲು ಗಣಿಗೆ ಹೆಂಗಸರು ಇಳಿಯಬಾರದಾ?

‘ಕಲ್ಲಿದ್ದಲು ಗಣಿಯ ಸುರಂಗಕ್ಕೆ ಹೆಂಗಸರು ಇಳಿಯುವುದು ಕಾನೂನಿಗೆ ವಿರುದ್ಧ, ಹಿಂದೆಯೂ ಇಳಿದವರಿಲ್ಲ’ ಅನ್ನುವ ಫಾರ್ವರ್ಡ್ ಮೆಸೇಜ್ ನೀವೂ ನೋಡಿರಬಹುದು. ಎರಡೂ ಮಾತು ತಪ್ಪು.

ನೂರು ವರ್ಷದ ಹಿಂದೆ ಈಗಿನ ಜಾರ್ಖಂಡಿನ ಝರಿಯಾ, ಪಶ್ಚಿಮ ಬಂಗಾಳದ ರಾಣಿಗಂಜ್ ಗಣಿಗಳಿಗೆ ಗಂಡ ಹೆಂಡತಿ ಜೊತೆಯಾಗಿಯೇ ಇಳಿಯುತ್ತಿದ್ದರು. ಗಂಡ ಕಲ್ಲಿದ್ದಲು ಕಡಿಯುತ್ತಿದ್ದ. ಹೆಂಡತಿ ಅದನ್ನು ಬುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು ಸಾಗಿಸುತ್ತಿದ್ದಳು. 1929ರ ನಿಯಮ ಈ ಹೆಂಗಸರನ್ನು ಹಂತಹಂತವಾಗಿ ಹೊರಗೆ ಕಳಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ಸಾಲದೇ ಹೋಯಿತು. 1943ರಲ್ಲಿ ಮತ್ತೆ ಕರೆದರು, 1946ರಲ್ಲಿ ಮತ್ತೆ ಕಳಿಸಿದರು. ಬೇಕಾದಾಗ ಬಾ, ಸಾಕಾದಾಗ ಹೋಗು ಅಂದ ಹಾಗಾಯಿತು ಅಲ್ವಾ? ಓದುವಾಗ ನನಗೆ ತುಂಬಾ ಸಂಕಟವಾಗುವುದು ಇಲ್ಲೇ.

ಮೆಸೇಜ್ ಸುಮ್ನೆ ಹುಟ್ಟಿದ್ದೂ ಅಲ್ಲ. 1952ರ ಗಣಿ ಕಾಯ್ದೆಯಲ್ಲಿ ನಿಷೇಧ ಇತ್ತು. ಆದರೆ 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಸಡಿಲಿಸಿತು. ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ, ಬರಹದಲ್ಲಿ ಒಪ್ಪಿಗೆ ಕೊಟ್ಟರೆ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಕ್ಕೆ ಇಳಿಯಬಹುದು ಎಂದಿತು. 2021ರಲ್ಲಿ ಆಕಾಂಕ್ಷಾ ಕುಮಾರಿ ಜಾರ್ಖಂಡಿನ ಚೂರಿ ಭೂಗತ ಗಣಿಗೆ ಎಂಜಿನಿಯರ್ ಆಗಿ ಸೇರಿದರು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಂತೂ ಎಲ್ಲ ಬಗೆಯ ಕೆಲಸಕ್ಕೂ ಹೆಂಗಸರನ್ನು ತೆಗೆದುಕೊಳ್ಳಬಹುದು ಎನ್ನುತ್ತದೆ.