ಬಾರ್ಡರ್ ಬಿಪಿ ಮತ್ತು ಉಪ್ಪಿನ ಪ್ಯಾಕೆಟ್

"ನಂದು ಬಾರ್ಡರ್‌ನಲ್ಲಿದೆ ಅಷ್ಟೇ" ಅನ್ನುವವರು ನಮ್ಮ ಸುತ್ತ ಎಷ್ಟು ಜನ ಇದ್ದಾರೆ ನೋಡಿ. 132/86, 136/88, ಹೀಗೇನೋ ಒಂದು ನಂಬರ್. ಡಾಕ್ಟರು ಮಾತ್ರೆ ಬರೆದಿರುವುದಿಲ್ಲ. ಉಪ್ಪು ಕಮ್ಮಿ ಮಾಡಿ, ವಾಕ್ ಮಾಡಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದಿರುತ್ತಾರೆ. ಮಾತ್ರೆ ಬರೆಯಲಿಲ್ಲ ಅಂದರೆ ಕಾಯಿಲೆ ಇಲ್ಲ ಅಂತಲೇ ನಮ್ಮ ಜನರ ಲೆಕ್ಕ. ಇದೇ ನಂಬರ್ ಅಮೆರಿಕದಲ್ಲಾಗಿದ್ದರೆ ಬಿಪಿ ಇದೆ ಅಂತಲೇ ಬರೆಯುತ್ತಾರೆ. 2017ರಲ್ಲಿ ಅವರು ಗೆರೆಯನ್ನು 130/80ಕ್ಕೆ ಇಳಿಸಿದರು. ನಮ್ಮಲ್ಲಿ ಸಾಮಾನ್ಯವಾಗಿ 140/90.

ಇಂಥವರನ್ನು ಉಪ್ಪು ಕಮ್ಮಿ ಮಾಡಿದಿರಾ ಅಂತ ಕೇಳಿ. "ಮೇಲುಪ್ಪು ಹಾಕಿಕೊಳ್ಳೋದೇ ಬಿಟ್ಟೆ ಮಾರಾಯ್ರೇ, ಉಪ್ಪಿನಕಾಯಿನೂ ಮುಟ್ಟಲ್ಲ" ಅನ್ನುತ್ತಾರೆ. ಒಳ್ಳೆಯದೇ. ಆದರೆ ನಮ್ಮ ಉಪ್ಪಿನ ದೊಡ್ಡ ಪಾಲು ಒಲೆ ಮೇಲಿನ ಪಾತ್ರೆಗೇ ಬಿದ್ದಿರುತ್ತೆ. ಬೆಳಗಿನ ತಿಂಡಿ ತಗೊಳ್ಳಿ, ಇಡ್ಲಿ ಹಿಟ್ಟಿಗೆ ಉಪ್ಪು, ಚಟ್ನಿಗೆ ಉಪ್ಪು, ಸಾಂಬಾರಿಗೆ ಉಪ್ಪು, ಇಷ್ಟು ಸಾಲದು ಅಂತ ಪಕ್ಕದಲ್ಲಿ ಒಂದು ಉದ್ದಿನವಡೆ, ಅದಕ್ಕೂ ಉಪ್ಪು. ಮಧ್ಯಾಹ್ನ ಮಜ್ಜಿಗೆ, ಸಂಜೆ ಕಾಫಿ ಜೊತೆ ನಿಪ್ಪಟ್ಟೋ ಖಾರದ ಬನ್ನೋ.

ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ತಲೆಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು, ಅಂದರೆ ಸರಿಸುಮಾರು ಒಂದು ಟೀ ಚಮಚ. ಆದರೆ ದಿನಾ ಚಮಚ ಹಿಡಿದು ಅಳೆಯುವವರು ಯಾರಿದ್ದಾರೆ? ನನಗೆ ಸರಿ ಅನ್ನಿಸುವ ಅಳತೆ ಉಪ್ಪಿನ ಪ್ಯಾಕೆಟ್. ಹೊಸದು ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ಮನೆಯಲ್ಲಿ ನಾಲ್ಕು ಜನ ಇದ್ದರೆ 1 ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಮೂವತ್ತು ದಿನಕ್ಕೇ ಖಾಲಿಯಾದರೆ ತಲೆಗೆ 8 ಗ್ರಾಂ ಮೇಲಾಯಿತು. ಹೌದು, ಸೊಪ್ಪು ತೊಳೆಯೋಕೆ ಹಾಕಿದ್ದು, ಮಾವಿನಕಾಯಿ ಕಾಲದಲ್ಲಿ ಜಾಡಿಗೆ ಹೋಗಿದ್ದು ಎಲ್ಲ ಕಳೆಯಬೇಕು. ಹಾಗೇ ಹೊರಗೆ ತಿಂದಿದ್ದನ್ನು, ಅಂಗಡಿಯಿಂದ ತಂದ ಹಪ್ಪಳ, ಚಟ್ನಿಪುಡಿ, ನೂಡಲ್ಸನ್ನು ಕೂಡಿಸಲೂಬೇಕು. ಅಂಗಡಿ ಸಾಮಾನಿನ ಹಿಂದೆ ಸೋಡಿಯಂ ಅಂತ ಬರೆದಿರುತ್ತೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 800 ಮಿಲಿಗ್ರಾಂ ಅಂತಿದ್ದರೆ 2 ಗ್ರಾಂ ಉಪ್ಪು. ಅದು 100 ಗ್ರಾಂಗೋ ಇಡೀ ಪ್ಯಾಕೆಟ್‌ಗೋ ಅಂತ ನೋಡಿಕೊಳ್ಳಿ.

ಇನ್ನು ಸೈಂಧವ ಲವಣದ ಭಕ್ತರು. ಬಣ್ಣ ಗುಲಾಬಿ ಆದರೇನು, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬಿಪಿಗೆ ಒಳ್ಳೇದು ಅಂತ ಧಾರಾಳವಾಗಿ ಸುರಿದುಕೊಳ್ಳುವುದನ್ನು ನೋಡಿದರೆ ನಗು ಬರುತ್ತೆ. ಲೋ ಸೋಡಿಯಂ ಉಪ್ಪು ಬೇರೆ ವಿಷಯ, ಅದರಲ್ಲಿ ಒಂದಷ್ಟು ಪಾಲು ಪೊಟ್ಯಾಸಿಯಂ ಇರುತ್ತೆ. ಚೀನಾದ 600 ಹಳ್ಳಿಗಳಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿ 2021ರಲ್ಲಿ ಫಲಿತಾಂಶ ಕೊಟ್ಟರು, ಅಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಕಮ್ಮಿ ಆಗಿತ್ತು. ಆದರೆ ಕಿಡ್ನಿ ತೊಂದರೆ ಇರುವವರು, ಬಿಪಿಗೆ ಕೊಡುವ ಟೆಲ್ಮಿಸಾರ್ಟನ್ ಥರದ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ.

ಬಿಡೋದರ ಬಗ್ಗೆ ಇಷ್ಟು ಮಾತಾಡುತ್ತೇವೆ, ತಿನ್ನೋದರ ಬಗ್ಗೆ ಯಾರೂ ಹೇಳೋದೇ ಇಲ್ಲ. 1997ರಲ್ಲಿ ಅಮೆರಿಕದಲ್ಲಿ ಡ್ಯಾಶ್ ಅಂತ ಒಂದು ಆಹಾರ ಪದ್ಧತಿ ಪರೀಕ್ಷಿಸಿದರು. ಉಪ್ಪು ಇದ್ದಷ್ಟೇ ಇತ್ತು, ತರಕಾರಿ, ಹಣ್ಣು, ಕಡಿಮೆ ಕೊಬ್ಬಿನ ಹಾಲು ಜಾಸ್ತಿ ಮಾಡಿದರು, ಬಿಪಿ ಇಳಿಯಿತು. ಉಪ್ಪನ್ನೂ ಇಳಿಸಿದಾಗ ಇನ್ನಷ್ಟು ಇಳಿಯಿತು. ನಮ್ಮಲ್ಲಿ ದಂಟು, ಹರಿವೆ, ಹೆಸರುಕಾಳು, ಬಾಳೆಹಣ್ಣು ಯಾವುದಕ್ಕೆ ಬರ ಹೇಳಿ? ಬಸ್ಸಾರು, ಪಲ್ಯ ಇರೋ ಊಟವೇ ಸಾಕು, ಉಪ್ಪೊಂದು ಹಿಡಿತದಲ್ಲಿರಲಿ. ಹುಳಿ, ನಿಂಬೆ, ಒಗ್ಗರಣೆ ಸ್ವಲ್ಪ ಮುಂದಿದ್ದರೆ ಉಪ್ಪು ಹಿಂದಿರುವುದು ಗೊತ್ತಾಗಲ್ಲ. ಕೆಲವು ವಾರ ಸಪ್ಪೆ ಅನ್ನಿಸುತ್ತೆ, ಆಮೇಲೆ ನಾಲಿಗೆ ಒಗ್ಗಿಹೋಗುತ್ತೆ.

ನನಗೆ ಸಿಟ್ಟು ಬರೋದು ಇಲ್ಲಿ. ಬಾರ್ಡರ್ ಬಿಪಿ ಯಜಮಾನರದ್ದು, ಸೌಟು ಹೆಂಡತಿ ಕೈಯಲ್ಲಿ. ಇವರು ಡಾಕ್ಟರ್ ಹತ್ತಿರ ಒಬ್ಬರೇ ಹೋಗಿ ಬಂದು "ಉಪ್ಪು ಕಮ್ಮಿ ಹಾಕು" ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಆರ್ಡರ್ ಮಾಡುತ್ತಾರೆ. ಆಕೆ ಹಾಗೇ ಮಾಡಿದರೆ ನಾಲ್ಕನೇ ದಿನಕ್ಕೆ "ಇದೇನೇ ಸಾರು, ಬಾಯಿಗಿಡೋಕಾಗಲ್ಲ" ಅಂತ ತಟ್ಟೆ ತಳ್ಳುವವರೂ ಇವರೇ. ಕೊನೆಗೆ ಇವರಿಗೊಂದು, ಮಕ್ಕಳಿಗೊಂದು ಅಂತ ಎರಡು ಸಾರು ಕುದಿಯುತ್ತೆ. ಯಾಕೆ? ಐದು ಗ್ರಾಂ ಮಾತು ದೊಡ್ಡವರೆಲ್ಲರಿಗೂ ಸೇರಿ ಹೇಳಿದ್ದು, ಮಕ್ಕಳಿಗೆ ಅದಕ್ಕಿಂತಲೂ ಕಮ್ಮಿ ಸಾಕು. ಇಡೀ ಮನೆಗೆ ಒಂದೇ ಪಾತ್ರೆ ಸಾಕಲ್ವಾ?

ಎಲ್ಲರದೂ ಆದ ಮೇಲೆ ಉಪ್ಪಿನಕಾಯಿ ನಂಜಿಕೊಂಡು ತಳದ ಅನ್ನ ಉಣ್ಣುವ ಆಕೆಯ ಬಿಪಿ ಯಾವತ್ತಾದರೂ ನೋಡಿಸಿದ್ದೀರಾ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ ನಮ್ಮ ಕ್ಲಿನಿಕ್‌ನಲ್ಲಿ ಪುಕ್ಕಟೆ ನೋಡುತ್ತಾರೆ. ಮುಂದಿನ ಸಲ ಇಬ್ಬರೂ ಹೋಗಿ. ಉಪ್ಪಿನ ಮಾತನ್ನು ಆಕೆಯೂ ಡಾಕ್ಟರ ಬಾಯಿಂದಲೇ ಕೇಳಲಿ.